ಹನ್ನೊಂದನೇ ಮೆಟ್ಟಿಲು

ಹತ್ತು ವರ್ಷಗಳ ಹಿಂದೆ ನಾನು ಮಾನ್ವಿಯಲ್ಲಿ ಅಗ್ನಿಶಾಮಕ ಠಾಣಾಧಿಕಾರಿಯಾಗಿದ್ದೆ. ಪೋತ್ನಾಳದ ಇಂಜಿನ್ ರಿಪೇರಿ ಮೌಲಾಸಾಬ್ ಕಳೆದ ತಿಂಗಳು ತೀರಿಕೊಂಡರೆಂದು ಕೇಳಿದಾಗಿನಿಂದ ಆ ಕಾಲದ ಒಂದು ಮಧ್ಯಾಹ್ನ ಮತ್ತೆ ಮತ್ತೆ ನೆನಪಾಗುತ್ತಿದೆ.

ರಸ್ತೆ ಬದಿಯ ತಗಡಿನ ಅಂಗಡಿಯಲ್ಲಿ ಮೂವತ್ತು ವರ್ಷ ಡೀಸೆಲ್ ಇಂಜಿನ್ ರಿಪೇರಿ ಮಾಡಿದವರು ಅವರು. ಮಧ್ಯಾಹ್ನ ಒಂದಾಯಿತೆಂದರೆ ಎಂಥ ಗಿರಾಕಿ ಕಾದಿದ್ದರೂ ಷಟರ್ ಅರ್ಧ ಇಳಿಸಿ ಮನೆಗೆ ಹೋಗುತ್ತಿದ್ದರು. ಲಕ್ವ ಹೊಡೆದು ಮಲಗಿದ್ದ ತಾಯಿಗೆ ತಾವೇ ಉಣಿಸಬೇಕು. ತಂದೆ ತೀರಿದಾಗ ತಮ್ಮ ಖಾಜಾ ನಾಲ್ಕು ವರ್ಷದವನು. ಅವನನ್ನು ಸಾಕಿ, ಕೆಲಸ ಕಲಿಸಿ, ಮದುವೆ ಮಾಡಿದವರೂ ಇವರೇ.

ಆ ದಿನ ಅಣ್ಣ ಮನೆಗೆ ಹೋಗಿದ್ದಾಗ ರೈತರೊಬ್ಬರು ಅವಸರದಿಂದ ಬಂದರು. ಬಾವಿಯೊಳಗಿನ ಕಟ್ಟೆಯ ಮೇಲೆ ಕೂರಿಸಿದ್ದ ಇಂಜಿನ್ ಬೆಳಗಿನಿಂದ ಓಡಿ ನಿಂತುಬಿಟ್ಟಿತ್ತು. ಖಾಜಾ ಒಬ್ಬನೇ ಹೋಗಿ ಇಳಿದ. ಇಂಜಿನ್ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಬಾವಿಯಲ್ಲೇ ನಿಂತಿತ್ತು. ಕೆಲವೇ ನಿಮಿಷಗಳಲ್ಲಿ ಅವನು ಕಟ್ಟೆಯ ಮೇಲೆ ಕುಸಿದ. ಮೇಲಿದ್ದ ರೈತರು ನಮ್ಮ ಠಾಣೆಗೆ ಫೋನ್ ಮಾಡಿ, ಅಣ್ಣನಿಗೂ ಹೇಳಿಕಳಿಸಿದರು.

ನಮ್ಮ ವಾಹನ ತಲುಪಿದಾಗ ಮೌಲಾಸಾಬ್ ಸೊಂಟಕ್ಕೆ ಹಗ್ಗ ಬಿಗಿದು ಮೊದಲ ಮೆಟ್ಟಿಲಿಗೆ ಕಾಲಿಟ್ಟಿದ್ದರು. ಓಡಿಹೋಗಿ ರಟ್ಟೆ ಹಿಡಿದೆ. ಅವರ ಬೆರಳುಗಳಿಗೆ ಇನ್ನೂ ಅನ್ನ ಅಂಟಿತ್ತು.

“ಬಿಡ್ರಿ ಸಾಹೇಬ್ರ. ಹೆಸರಿಗಷ್ಟ ತಮ್ಮರೀ ಅವ, ನನ್ನ ಮಗ ಇದ್ದಂಗ.”

“ನೀವು ಇಳಿದ್ರ ನಾ ಇಬ್ಬರನ್ನ ಎತ್ತಬೇಕಾಗ್ತದ. ನನ್ನ ಹತ್ರ ಇರೋದು ಒಂದ ಗಾಳಿ ಸಿಲಿಂಡರ್.”

ಅವರು ಕೊಸರಿಕೊಂಡರು. ಇಬ್ಬರು ಹಿಡಿದರೂ ನಿಲ್ಲಲಿಲ್ಲ. ಅತ್ತ ಫೈರ್‌ಮನ್ ಬಸವರಾಜ, ನಾವು ಬಿ.ಎ. ಸೆಟ್ ಎನ್ನುವ ಗಾಳಿಯ ಸಿಲಿಂಡರನ್ನು ಬೆನ್ನಿಗೆ ಕಟ್ಟಿಕೊಳ್ಳುತ್ತಿದ್ದ. ದುಡಿಯುವ ಮನುಷ್ಯನಿಗೆ ಅದು ಇಪ್ಪತ್ತು ನಿಮಿಷ ಬಂದರೆ ಹೆಚ್ಚು. ರಾಯಚೂರಿನಿಂದ ಇನ್ನೊಂದು ತರಿಸುವಷ್ಟು ಹೊತ್ತು ಖಾಜಾನಿಗೆ ಇರಲಿಲ್ಲ.

ಗದರಿಸಿ ಉಪಯೋಗವಿಲ್ಲವೆನಿಸಿತು. ಮೌಲಾಸಾಬರ ಗಮನ ತಿರುಗಿಸಲೆಂದಷ್ಟೇ ಕೇಳಿದೆ: “ಈ ಬಾವಿ ನಿಮಗ ಗೊತ್ತದ ಏನ್ರಿ? ಮೆಟ್ಟಿಲು ಹೆಂಗದಾವ?”

ಅವರ ಮೈ ಒಮ್ಮೆಲೇ ಸಡಿಲಾಯಿತು. ಆ ಇಂಜಿನ್ ಇಳಿಸಿ ಕೂರಿಸಿದ್ದು ಅವರೇ.

“ಹನ್ನೊಂದನೇ ಕಲ್ಲು ಸಡಿಲದರೀ. ಅದರ ಮ್ಯಾಲ ಕಾಲು ಇಡಬ್ಯಾಡ ಅನ್ರಿ. ಎಡಗಡಿ ಗೋಡಿ ಹಿಡಕೊಂಡು ಇಳೀಲಿ.”

ಅವರ ಸೊಂಟದ ಹಗ್ಗ ಬಿಚ್ಚಿಸಿದೆ. ಬಸವರಾಜನಿಗೆ ಕಟ್ಟಿದ್ದ ಹಗ್ಗವನ್ನು ನಮ್ಮವರ ಜೊತೆ ಅವರೂ ಹಿಡಿಯುವಂತೆ ಮಾಡಿದೆ. ಬಸವರಾಜ ಇಳಿಯುತ್ತಿದ್ದಂತೆ ಅವರು ಮೆಟ್ಟಿಲು ಎಣಿಸಿದರು. ಹತ್ತಕ್ಕೆ ಕೂಗಿ ನಿಲ್ಲಿಸಿದರು. ಬಸವರಾಜ ಮುಂದಿನ ಕಲ್ಲನ್ನು ಬೂಟಿನ ತುದಿಯಿಂದ ಒತ್ತಿ ನೋಡಿದ. ಕಲ್ಲು ಕಳಚಿ ನೀರಿಗೆ ಬಿತ್ತು.

ಅವನು ಗೋಡೆ ಹಿಡಿದು ಕಟ್ಟೆ ಸೇರಿದ. ಖಾಜಾನಿಗೆ ಇನ್ನೊಂದು ಹಗ್ಗ ಬಿಗಿಯುವಷ್ಟರಲ್ಲಿ, ಗಾಳಿ ಮುಗಿಯುತ್ತಿದೆಯೆಂದು ಎಚ್ಚರಿಸುವ ಸಿಲಿಂಡರಿನ ಸೀಟಿ ಕೇಳಿಸಿತು. ಇಬ್ಬರನ್ನೂ ಒಟ್ಟಿಗೆ ಎಳೆಯಿರಿ ಎಂದೆ. ಮೌಲಾಸಾಬರ ಅಂಗೈ ಸುಲಿದು ಹಗ್ಗ ಕೆಂಪಾಯಿತು. ಅವರು ಹಿಡಿತ ಬಿಡಲಿಲ್ಲ.

ಖಾಜಾನ ನಾಡಿ ಸಣ್ಣಗೆ ಬಡಿಯುತ್ತಿತ್ತು. ಆಂಬುಲೆನ್ಸ್ ಅವನನ್ನು ರಾಯಚೂರಿಗೆ ಒಯ್ದಿತು. ನಾಲ್ಕನೇ ದಿನ ಅವನು ಅಣ್ಣನನ್ನು ಗುರುತಿಸಿದ. ಮಾತು ಮಾತ್ರ ಬಹಳ ತಿಂಗಳು ತೊದಲುತ್ತಿತ್ತು.

ಆಮೇಲೆ ಮೌಲಾಸಾಬ್ ಬಾವಿಯೊಳಗಿನ ಇಂಜಿನ್ ಮುಟ್ಟಲಿಲ್ಲ. ಮೇಲಕ್ಕೆ ಎತ್ತಿಸಿ ತಂದರಷ್ಟೇ ರಿಪೇರಿ. ಎಷ್ಟೋ ಗಿರಾಕಿಗಳು ಬೇಸತ್ತು ಬೇರೆ ಕಡೆ ಹೋದರು, ಅವರು ಜಗ್ಗಲಿಲ್ಲ.

ನಾನು ಮುಂದೆ ದೇವದುರ್ಗಕ್ಕೆ ವರ್ಗವಾಗಿ ಅಲ್ಲಿಂದಲೇ ನಿವೃತ್ತನಾದೆ. ಅವಘಡದ ಜಾಗದಿಂದ ಸಂಬಂಧಿಕರನ್ನು ದೂರ ಕಳಿಸಬೇಕೆಂದು ತರಬೇತಿಯಲ್ಲಿ ಕಲಿಸಿದ್ದರು. ಆ ದಿನದಿಂದ, ಕಳಿಸುವ ಮುನ್ನ ಅವರನ್ನು ಒಂದು ಮಾತು ಕೇಳುವುದು ನನಗೆ ರೂಢಿಯಾಯಿತು. ಆ ಜಾಗವೂ ಒಳಗೆ ಸಿಕ್ಕಿಕೊಂಡವರ ವಿಷಯವೂ ನಮಗಿಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಅಂದು ಬಾವಿಯ ಬಳಿ ಅವರನ್ನು ಸುಮ್ಮನಿರಿಸಲು ಕೇಳಿದ ಪ್ರಶ್ನೆಯೇ ನನ್ನ ಸಿಬ್ಬಂದಿಯ ಜೀವ ಉಳಿಸಿತೆಂದು ಮೌಲಾಸಾಬರಿಗೆ ಒಮ್ಮೆ ಹೋಗಿ ಹೇಳಬೇಕೆಂದುಕೊಂಡಿದ್ದೆ. ಹೇಳದೆ ಉಳಿಯಿತು.