ಎಂಬಿರಾ ಎಂಬ ವಾದ್ಯವೂ ನಮ್ಮನೆಯವರ ಬಾಯಿಯೂ

ನಮ್ಮನೆಯವರಿಗೆ ಒಂದು ವಾದ್ಯವನ್ನೂ ನುಡಿಸಲು ಬರುವುದಿಲ್ಲ. ಆದರೆ ಅವರ ಬಾಯಲ್ಲಿ ಮೂವತ್ತಾರು ವಾದ್ಯಗಳಿವೆ. ಮದುವೆಯಾದ ಹೊಸದರಲ್ಲಿ ಬಚ್ಚಲುಮನೆಯಿಂದ ಬ್ಯಾಗ್‌ಪೈಪಿನ ದನಿ ಕೇಳಿ, ನಲ್ಲಿ ಒಡೆಯಿತೆಂದು ಹೌಹಾರಿ ರಿಪೇರಿಯವನನ್ನು ಕರೆಸಿದ್ದೆ. ಆ ಮನುಷ್ಯ ಇವತ್ತಿಗೂ ನನ್ನನ್ನು ಕಂಡರೆ ಮುಸಿಮುಸಿ ನಗುತ್ತಾನೆ.

ಇವರ ಕೆಲಸ ಮ್ಯೂಸಿಯಮ್ಮಿನ ಎರಡನೇ ಮಹಡಿಯ ಕಾವಲು. ಅಲ್ಲಿ ದೇಶದೇಶದ ವಾದ್ಯಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದಾರೆ. ಚೀಟಿಯಲ್ಲಿ ಹೆಸರು, ದೇಶ ಬಿಟ್ಟರೆ ಬೇರೇನೂ ಇಲ್ಲ. ಬಂದವರು ನೋಡಿ, ಆಕಳಿಸಿ, ಹೊರಟುಬಿಡುತ್ತಿದ್ದರು. ಇವರಿಗೆ ಅದನ್ನು ನೋಡಿ ನೋಡಿ ತಡೆಯಲಾಗಲಿಲ್ಲ. ರೇಡಿಯೊ ಕೇಳಿ, ಪ್ರವಾಸಿಗರನ್ನು ಕಾಡಿ ಬೇಡಿ ಒಂದೊಂದರ ದನಿ ಕಲಿತರು. ಉದ್ದ ಕೊಳವೆಯಂಥ ಡಿಜೆರಿಡೂ ಆದರೆ ಹೊಟ್ಟೆಯಾಳದಿಂದ ಗುಂಯ್ ಎನ್ನುತ್ತ ಕೆನ್ನೆಯುಬ್ಬಿಸಿ ನಡುವೆ ಉಸಿರು ಕದಿಯುವುದು. ಎರಡೇ ತಂತಿಯ ಎರ್‌ಹು ಆದರೆ ಮೂಗಿನಲ್ಲಿ ಅಳುವುದು. ಮೂರು ತಂತಿ ಮೀಟುವ ಬಾಲಲೈಕಾ ಆದರೆ ನಾಲಿಗೆ ತುದಿಯಲ್ಲಿ ತಿರ್ರ್ ತಿರ್ರ್. ಎಂಬಿರಾದ ದನಿ ಹೇಳಿಕೊಡುವವರು ಮಾತ್ರ ಸಿಗಲಿಲ್ಲ. ಅದೊಂದು ಮರದ ಹಲಗೆ, ಮೇಲೆ ಸಾಲಾಗಿ ಕಬ್ಬಿಣದ ಪಟ್ಟಿಗಳು. ಕಬ್ಬಿಣ ತಾನೇ, ಬಡಿಯುವುದೇ ಇರಬೇಕು ಎಂದು ತಾವೇ ತೀರ್ಮಾನಿಸಿ ಠಣ ಠಣ ಠಣಾರ್ ಎಂದು ಶುರುಮಾಡಿಕೊಂಡರು.

ಅದಕ್ಕೊಬ್ಬರು ಕಾಯಂ ಗಿರಾಕಿಯೂ ಸಿಕ್ಕರು. ಪಕ್ಕದ ಬೀದಿಯಲ್ಲಿ ಬಟ್ಟೆ ಹೊಲಿಯುವ ಹೆಂಗಸು, ಎಂಬಿರಾದ ದೇಶದಿಂದಲೇ ಬಂದು ನೆಲೆಸಿದವರು. ತಿಂಗಳಿಗೊಮ್ಮೆ ಮ್ಯೂಸಿಯಮ್ಮಿಗೆ ಬಂದು "ಅದನ್ನೊಂದ್ಸಲ ಮಾಡಿ" ಎನ್ನುವುದು, ಇವರು ಮಾಡುವುದು, ಆಕೆ ಕಣ್ಣೊರೆಸಿಕೊಳ್ಳುವಷ್ಟು ನಗುವುದು. ಏಳು ವರ್ಷ ಇದೇ ಕತೆ. "ಅವ್ರ ದೇಶದವರೇ ಮೆಚ್ಚಿದ್ದಾರೆ ಕಣೇ" ಎಂದು ಇವರು ಮನೆಯಲ್ಲಿ ಬೀಗುತ್ತಿದ್ದರು. ನನಗೂ ಹೆಮ್ಮೆಯೇ ಅನ್ನಿ.

ಹೋದ ತಿಂಗಳು ಪ್ರತಿ ಪೆಟ್ಟಿಗೆಗೂ ಹೆಡ್‌ಫೋನ್ ಬಂತು. ಗುಂಡಿ ಒತ್ತಿದರೆ ಅಸಲಿ ದನಿ. ಇವರು ಒಂದೊಂದನ್ನೇ ಕೇಳುತ್ತ, ತಮ್ಮದೂ ಸರಿಯೇ ಎಂದು ತಲೆದೂಗುತ್ತ ಬಂದವರು ಎಂಬಿರಾ ಮುಂದೆ ಗರಬಡಿದವರಂತೆ ನಿಂತರಂತೆ. ಅದರಲ್ಲಿ ಬಡಿತವೇ ಇಲ್ಲ. ಹೆಬ್ಬೆರಳಿನಿಂದ ಮೀಟುವ ವಾದ್ಯ ಅದು, ತುಂಬಿದ ಕೊಡಕ್ಕೆ ಹನಿ ಬಿದ್ದ ಹಾಗೆ ಮೆತ್ತಗೆ ತೊಟ್ಟಿಕ್ಕುತ್ತದೆ.

ಮನೆಗೆ ಬಂದವರ ಮುಖದಲ್ಲಿ ಕಳೆಯೇ ಇರಲಿಲ್ಲ. "ಏಳು ವರ್ಷ ಆಕೆ ಎದುರಿಗೇ ಅವ್ರ ವಾದ್ಯನ ಆಡ್ಕೊಂಡ ಹಾಗಾಯ್ತಲ್ಲೇ. ಇನ್ಮೇಲೆ ನಾನು ಬಾಯಿ ಬಿಡಲ್ಲ."

"ಊಟಕ್ಕಾದ್ರೂ ಬಿಡ್ತೀರೋ ಇಲ್ವೋ?" ಎಂದೆ. ನಗಲಿಲ್ಲ.

ಹದಿನೈದು ದಿನ ಮನೆಯಲ್ಲಿ ಒಂದು ಸಿಳ್ಳೆಯೂ ಇಲ್ಲ. ಆ ಬ್ಯಾಗ್‌ಪೈಪಿಗೆ ಇಷ್ಟು ವರ್ಷ ಬೈದವಳು ನಾನೇ, ಈಗ ಬಚ್ಚಲುಮನೆ ಬಾಗಿಲಿಗೆ ಕಿವಿಗೊಟ್ಟು ನಿಲ್ಲುವವಳೂ ನಾನೇ. ನಿಜಕ್ಕೂ ಸಂಕಟವಾಯಿತು. ಹೀಗೇ ಬಿಟ್ಟರೆ ಈ ಮನುಷ್ಯ ಪೂರ್ತಿ ಮೂಕರಾಗುತ್ತಾರೆ ಎಂದು ಹೆದರಿದೆ.

ಆಕೆ ಬರುವ ದಿನ ನಾನೂ ಇವರ ಜೊತೆಗೆ ಮ್ಯೂಸಿಯಮ್ಮಿಗೆ ಹೋದೆ. ಇವರು ತಲೆ ತಗ್ಗಿಸಿಕೊಂಡು ಆಕೆಯ ಕೈಗೆ ಹೆಡ್‌ಫೋನ್ ಕೊಟ್ಟರು. "ತಪ್ಪಾಯ್ತಮ್ಮ. ಅಸಲಿ ದನಿ ಇದು. ನಾನು ಮಾಡ್ತಿದ್ದದ್ದು ಬರೀ ಗದ್ದಲ. ನೀವಾದ್ರೂ ಹೇಳಬಾರದಿತ್ತಾ?"

ಆಕೆ ಪೂರ್ತಿ ಕೇಳಿಸಿಕೊಂಡು, ಮೆಲ್ಲಗೆ ಕಳಚಿಟ್ಟರು.

"ಇದು ನಮ್ಮಪ್ಪ ನುಡಿಸ್ತಿದ್ದ ಥರ" ಎಂದರು. "ನೀವು ಮಾಡೋದು ನಾನು ನುಡಿಸ್ತಿದ್ದ ಥರ. ಆಗ ನಂಗೆ ನಾಲ್ಕು ವರ್ಷ. ಅಪ್ಪನ ಎಂಬಿರಾ ಮೇಲೆ ಚಮಚ ತಗೊಂಡು ಬಡೀತಿದ್ದೆ. ಥೇಟ್ ಹೀಗೇ. ಅಪ್ಪ ಬೈತಿರಲಿಲ್ಲ, ಬಿದ್ದು ಬಿದ್ದು ನಗ್ತಿದ್ರು. ಅದು ಯಾವ ಯಂತ್ರದಲ್ಲೂ ಸಿಗಲ್ಲ. ಅದಕ್ಕೇ ನಾನಿಲ್ಲಿಗೆ ಬರೋದು."

ಇವರು ನನ್ನ ಕಡೆ ನೋಡಿದರು. ನನ್ನನ್ನೇನು ನೋಡುವುದು ಎಂದು ಮೊಣಕೈಯಿಂದ ತಿವಿದೆ. ಗಂಟಲು ಸರಿಮಾಡಿಕೊಂಡು ಪೆಟ್ಟಿಗೆಯ ಮುಂದೆ ನೆಟ್ಟಗೆ ನಿಂತರು. ಆಮೇಲೆ ಆಕೆಯ ಕಡೆ ತಿರುಗಿ, "ಚಮಚ ದೊಡ್ಡದಿತ್ತಾ, ಚಿಕ್ಕದಾ?" ಎಂದು ಕೇಳಿದರು.