ಬತ್ತಿಯ ಮಾತೊಂದು ಬಿಟ್ಟು

ಮನೆಯಲ್ಲೇ ಮೇಣಬತ್ತಿ ಮಾಡುವುದು ಸುಲಭ ಎಂದು ಯಾರಾದರೂ ಹೇಳಿದರೆ, ಅವರನ್ನು ವೈಶಾಖದಲ್ಲಿ ನಮ್ಮ ಶಹಾಪುರಕ್ಕೆ ಕಳಿಸಿಕೊಡಿ. ಆ ಹೊತ್ತಿಗೆ ಇಲ್ಲಿ ಮನುಷ್ಯರೇ ನೆಟ್ಟಗೆ ನಿಂತಿರುವುದಿಲ್ಲ, ಇನ್ನು ಮೇಣದ ಪಾಡೇನು. ಆದರೆ ಬುದ್ಧ ಪೂರ್ಣಿಮೆ ಬರುವುದೂ ಅದೇ ವೈಶಾಖದಲ್ಲಿ. ಅಂದು ನಮ್ಮ ಓಣಿಯ ವಿಹಾರದಲ್ಲಿ ಬುದ್ಧನ ಮುಂದೆ ಹಚ್ಚುವ ಮೊದಲ ಮೇಣಬತ್ತಿ ಅಂಗಡಿಯದಾಗಿರಬಾರದು. ವರ್ಷಕ್ಕೊಂದು ಮನೆಯವರು ಕೈಯಾರೆ ಮಾಡಿ ತರಬೇಕು, ಆ ಮನೆಯ ಹಿರಿಯರೇ ಹಚ್ಚಬೇಕು, ವಂದನೆ ಮುಗಿಯುವ ತನಕ ಅದು ಆರಬಾರದು. ಈ ಪದ್ಧತಿ ಶುರುಮಾಡಿದವರು ವಿಹಾರದ ಅಧ್ಯಕ್ಷರಾದ ನಿವೃತ್ತ ಮಾಸ್ತರರು. ಅವರ ಮನೆಯ ಸರದಿ ಮಾತ್ರ ಇನ್ನೂ ಬಂದಿಲ್ಲ.

ಈ ಸಲ ಸರದಿ ನಮ್ಮದು. ನಮ್ಮ ಮನೆಯೆಂದರೆ ಮೂರೇ ಜನ. ಪ್ರಾಥಮಿಕ ಶಾಲೆಯಲ್ಲಿ ಕಲಿಸುವ ನಾನು, ಯಾದಗಿರಿಯ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದು ದಿನಾ ಬಸ್ಸಿನಲ್ಲಿ ಓಡಾಡುವ ನನ್ನ ಗಂಡ, ಮತ್ತು ನನ್ನ ಅತ್ತೆ. ಹಚ್ಚಬೇಕಾದವರು ಅತ್ತೆ.

ಅತ್ತೆ ಸುರಪುರದ ಕಡೆಯ ಹಳ್ಳಿಯವರು. ಊರಲ್ಲಿದ್ದಷ್ಟು ಕಾಲ ಗೌಡರ ಮನೆಯ ದೇವರ ದೀಪಕ್ಕೆ ಬತ್ತಿ ಹೊಸೆದು ಕೊಡುವುದು ಅವರ ಪಾಲಿನ ಕೆಲಸ. ಹತ್ತಿ ಬಿಡಿಸಲು ಹೋದ ಹೊಲದಲ್ಲೇ ಒಳ್ಳೆಯದನ್ನು ಆರಿಸಿ, ಬೀಜ ತೆಗೆದು, ತೊಡೆಯ ಮೇಲೆ ಹೊಸೆದು, ಕಟ್ಟು ಕಟ್ಟಿ ಗೌಡರ ಬಾಗಿಲ ಮೆಟ್ಟಿಲ ಮೇಲಿಟ್ಟು ದೂರ ನಿಲ್ಲಬೇಕಿತ್ತು. ಒಳಗಿನಿಂದ ಯಾರಾದರೂ ಬಂದು, ಬತ್ತಿಯ ಕಟ್ಟಿನ ಮೇಲೆ ನೀರು ಚಿಮುಕಿಸಿ ಎತ್ತಿಕೊಂಡು ಹೋಗುತ್ತಿದ್ದರಂತೆ. ಒದ್ದೆ ಬತ್ತಿಯಲ್ಲಿ ದೀಪ ಹೇಗೆ ಹತ್ತುತ್ತಿತ್ತೋ ಆ ದೇವರಿಗೇ ಗೊತ್ತು. ಇದನ್ನು ನೆನೆದಾಗಲೆಲ್ಲ ನನಗೆ ನಗು ಬರುತ್ತದೆ, ಮೈಯೂ ಉರಿಯುತ್ತದೆ. ಅತ್ತೆಯ ಸ್ವಂತ ಗುಡಿಸಲಲ್ಲಿ ಇದ್ದದ್ದು ಹರಕು ಬಟ್ಟೆಯ ಬತ್ತಿ ಹಾಕಿದ ಸೀಮೆಎಣ್ಣೆಯ ಚಿಮಣಿ. ದೀಪಕ್ಕೆ ಸುರಿಯುವಷ್ಟು ಎಣ್ಣೆ ಆ ಮನೆಯಲ್ಲಿ ಒಗ್ಗರಣೆಗೂ ಇರುತ್ತಿರಲಿಲ್ಲ.

ಸರದಿಯ ಸುದ್ದಿ ಬಂದ ದಿನವೇ ಅತ್ತೆ ಹತ್ತಿ ಹಿಡಿದು ಕುಳಿತರು.

"ಮೇಣ ನಿಮ್ದು, ಬತ್ತಿ ನಂದು. ನನ್ನ ಕೈಯಾನ ಬತ್ತಿ ಬುದ್ಧನ ಮುಂದ ಉರೀಬೇಕು, ನಾನೇ ಹಚ್ಚಬೇಕು. ಮತ್ತೇನೂ ಕೇಳಂಗಿಲ್ಲ ನಾ," ಎಂದರು.

ನಾನು ಈ ಮನೆಗೆ ಬಂದ ಮೇಲೆ ಅವರು ಏನನ್ನಾದರೂ ಕೇಳಿದ್ದು ಅದೇ ಮೊದಲು. ಆಗಲಿ ಎಂದು ಒಪ್ಪಿಕೊಂಡೆವು.

ತೊಂದರೆ ಬಸ್ಸಿನಲ್ಲೇ ಶುರುವಾಯಿತು. ಗಂಡ ಯಾದಗಿರಿಯಿಂದ ಮೇಣದ ಗಟ್ಟಿಗಳನ್ನು ಕೊಂಡು, ಬಸ್ಸಿನಲ್ಲಿ ಕಾಲಿಡಲೂ ಜಾಗವಿಲ್ಲವೆಂದು ಚೀಲವನ್ನು ಡ್ರೈವರನ ಪಕ್ಕದ ಬಾನೆಟ್ಟಿನ ಮೇಲಿಟ್ಟಿದ್ದ. ಮನೆಗೆ ಬಂದು ನೋಡಿದರೆ ಮೇಣ, ಊಟದ ಡಬ್ಬಿ, ಬಿಸಿಲಿಗೆಂದು ಒಯ್ದಿದ್ದ ಕೊಡೆ ಮೂರೂ ಸೇರಿ ಒಂದೇ ಮೈಯಾಗಿದ್ದವು. ಡಬ್ಬಿಯನ್ನು ಹೇಗೋ ಬಿಡಿಸಿದೆವು. ಕೊಡೆ ಇವತ್ತಿಗೂ ಬಿಚ್ಚಿಕೊಳ್ಳುವುದಿಲ್ಲ.

ಕರೆಂಟಿನ ವೈರು ಹಾಯಿಸುವ ಪ್ಲಾಸ್ಟಿಕ್ ಪೈಪನ್ನು ಗೇಣುದ್ದ ಕತ್ತರಿಸಿ ಅಚ್ಚು ಮಾಡಿಕೊಂಡೆವು. ನಡುವೆ ಅತ್ತೆಯ ಬತ್ತಿ ಇಳಿಬಿಟ್ಟು, ಕೆಳಗಿನ ಬಾಯಿಗೆ ನಾದಿದ ಜೋಳದ ಹಿಟ್ಟು ಮೆತ್ತಿ, ಮೇಣ ಸುರಿದೆವು. ಆರಿದ ಮೇಲೆ ಎಳೆದರೆ ಬರಲಿಲ್ಲ, ಲಟ್ಟಣಿಗೆಯಿಂದ ಕುಟ್ಟಿದರೂ ಬರಲಿಲ್ಲ. ಅಚ್ಚಿಗೆ ಎಣ್ಣೆ ಸವರಬೇಕೆಂದು ಗಂಡ ಕಂಡುಹಿಡಿದ. ಆದರೆ ಸವರಿದ್ದು ಹಿಂದಿನ ದಿನ ಮಿರ್ಚಿ ಕರಿದು ಉಳಿದಿದ್ದ ಎಣ್ಣೆ. ಮೇಣಬತ್ತಿಯೇನೋ ಜಾರಿ ಹೊರಬಂತು. ಹಚ್ಚುತ್ತಿದ್ದಂತೆ ಪಕ್ಕದ ಮನೆಯಾಕೆ ಬಾಗಿಲಿಗೆ ಬಂದು, "ಮಿರ್ಚಿ ಕರಿಯಾಕತ್ತೀರೇನ್ರಿ? ನಮಗೂ ಒಂದೆರಡು ಕೊಡ್ರಿ," ಎಂದಳು.

ಅವಳ ಮಾತು ಮುಗಿಯುವುದರೊಳಗೆ ಮೇಣಬತ್ತಿ ಸತ್ತಿತ್ತು. ಬತ್ತಿ ಮೊದಲು ಧಗ್ಗನೆ ಉರಿಯಿತು, ಆಮೇಲೆ ಮೆತ್ತಗಾಗಿ ಕರಗಿದ ಮೇಣದೊಳಕ್ಕೆ ತಲೆ ಹಾಕಿ ಮುಳುಗಿಹೋಯಿತು.

ಕಾರಣ ಏನೆಂದು ನನಗೆ ಅಲ್ಲೇ ತಿಳಿಯಿತು. ಎಣ್ಣೆ ದೀಪದ ಬತ್ತಿ ಸಡಿಲವಾಗಿ ಹೊಸೆದದ್ದು, ಮಲಗಿಕೊಂಡು ಎಣ್ಣೆ ಕುಡಿಯುವುದಷ್ಟೇ ಅದಕ್ಕೆ ಗೊತ್ತು. ಮೇಣಬತ್ತಿಗೆ ಬಿಗಿಯಾಗಿ ಹೆಣೆದ ದಾರ ಬೇಕು, ಕರಗಿದ ಮೇಣದ ನಡುವೆಯೂ ಎದ್ದು ನಿಲ್ಲುವಂಥದ್ದು. ಗಂಡನಿಗೂ ತಿಳಿಯಿತು, ಅವನು ಮೊಬೈಲಿನಲ್ಲಿ ನೋಡುತ್ತಿದ್ದ ವಿಡಿಯೋ ಅದೇ ಮಾತನ್ನು ಹೇಳುತ್ತಿತ್ತು. ಅವನು ಸರಕ್ಕನೆ ಅದರ ಸದ್ದು ಅಡಗಿಸಿದ. ಅತ್ತೆ ಎದುರಿಗೇ ಕುಳಿತು ಮುಂದಿನ ಬತ್ತಿ ಹೊಸೆಯುತ್ತಿದ್ದರು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.

"ಫ್ಯಾನಿನ ಗಾಳಿ ಯವ್ವಾ," ಎಂದ ಗಂಡ.

"ಹೌದ್ರಿ ಅತ್ತಿ, ಗಾಳಿನೇ," ಎಂದೆ ನಾನು.

ಅಂದಿನಿಂದ ಬತ್ತಿಯ ಮಾತೊಂದು ಬಿಟ್ಟು ಮನೆಯಲ್ಲಿರುವ ಉಳಿದೆಲ್ಲದರ ಮೇಲೂ ನಾವು ತಪ್ಪು ಹೊರಿಸತೊಡಗಿದೆವು. ಫ್ಯಾನು ಆರಿಸಿ, ಕೂಲರು ಆರಿಸಿ, ಕಿಟಕಿ ಬಾಗಿಲು ಹಾಕಿಕೊಂಡು ಮೂವರೂ ಒಂದು ಮೇಣಬತ್ತಿಯ ಸುತ್ತ ಕೂತೆವು. ಬೆವರು ಕಾಲುವೆಯಾಗಿ ಹರಿಯಿತು, ಮೇಣಬತ್ತಿ ಮತ್ತೆ ಮುಳುಗಿತು. ಗಂಡ ಈಗ ಬೇಸಿಗೆಯನ್ನು ಬೈದ. ಸುರಿದ ಮೇಣವನ್ನು ಅಚ್ಚಿನ ಸಮೇತ ಫ್ರಿಜ್ಜಿನಲ್ಲಿಟ್ಟ. ತೆಗೆದರೆ ಮೇಣಬತ್ತಿಯ ತುಂಬ ಅತ್ತೆಯ ಹಿಮ್ಮಡಿಯಂಥ ಬಿರುಕು, ಮೇಲೆ ಬತ್ತಿಯ ಸುತ್ತ ಒಂದು ಗುಂಡಿ. ಆ ಗುಂಡಿಗೆ ಮತ್ತೆ ಮೇಣ ತುಂಬಿದೆವು. ಅದು ಕುಸಿದು ಇನ್ನೊಂದು ಗುಂಡಿಯಾಯಿತು. ನಮ್ಮ ಬೀದಿಯ ರಸ್ತೆ ರಿಪೇರಿ ಮಾಡುವವರ ಕಷ್ಟ ನನಗೆ ಅರ್ಥವಾದದ್ದು ಆಗಲೇ.

ಇನ್ನು ಬೈಯಲು ಏನೂ ಉಳಿಯದಿದ್ದಾಗ ಗಂಡ ಬಣ್ಣಕ್ಕೆ ಬಂದ.

"ಬಿಳೀ ಬಣ್ಣದಾಗೇ ಏನೋ ಐಬು ಅದ. ನೀಲಿ ಮಾಡೋಣು, ನಮ್ಮ ಬಣ್ಣ," ಎಂದ.

ಅಂದವನೇ ಬಟ್ಟೆಗೆ ಹಾಕುವ ನೀಲಿಯ ಬಾಟಲಿ ತಂದು ಬಿಸಿ ಮೇಣಕ್ಕೆ ಸುರಿದ. ನೀಲಿಯಲ್ಲಿ ಇರುವುದೆಲ್ಲ ನೀರು. ನಾನು ಮಕ್ಕಳಿಗೆ ಎಣ್ಣೆ ನೀರು ಬೆರೆಯುವುದಿಲ್ಲ ಎಂದು ಪ್ರತಿ ವರ್ಷ ಪಾಠ ಮಾಡುವವಳು, ಆದರೂ ಬಾಯಿಬಿಟ್ಟು ನೋಡುತ್ತ ನಿಂತಿದ್ದೆ. ಪಾತ್ರೆ ಚಟಪಟ ಸಿಡಿಯಿತು. ಪುಣ್ಯಕ್ಕೆ ಯಾರ ಮೈಗೂ ತಗಲಲಿಲ್ಲ. ಆದರೆ ವಂದನೆಗೆಂದು ಒಗೆದು ಅಲ್ಲೇ ಹಗ್ಗದ ಮೇಲೆ ಹಾಕಿದ್ದ ಅತ್ತೆಯ ಬಿಳಿ ಸೀರೆಗೆ ಅಂಚಿನುದ್ದಕ್ಕೂ ನೀಲಿ ಚುಕ್ಕಿ. ಬಿಳಿ ಸೀರೆಗೆ ನೀಲಿ ಹಾಕುವುದು ಸರಿಯೇ, ಹೀಗಲ್ಲ.

"ಇರ್ಲಿ ಬಿಡಪ್ಪ, ಪ್ರಿಂಟ್ ಸೀರಿ ಆತು," ಎಂದರು ಅತ್ತೆ. "ಬತ್ತಿ ಇನ್ನೂ ಭಾಳ ಹೊಸದೀನಿ, ಅಂಜಬ್ಯಾಡ್ರಿ."

ಅವರ ಪಕ್ಕದಲ್ಲಿ ಬತ್ತಿಯ ರಾಶಿ ದಿನದಿನಕ್ಕೂ ಬೆಳೆಯುತ್ತಿತ್ತು. ಅವರಿಗೆ ಸತ್ಯ ಹೇಳುವ ಧೈರ್ಯ ನನಗಿರಲಿಲ್ಲ. ಆ ಬತ್ತಿಯ ಮೇಲೆ ನೀರು ಚಿಮುಕಿಸಿದವರ ಕಥೆ ಕೇಳಿಕೊಂಡು ಬಂದವಳು, ಈಗ ನಾನೂ ಇದು ಬೇಡ ಎನ್ನಲೇ? ಒಂದು ಮಧ್ಯಾಹ್ನ ಅವರು ಪಕ್ಕದ ಮನೆಗೆ ಹೋದಾಗ ನನ್ನ ಲಂಗದ ಲಾಡಿ ಎಳೆದು ತೆಗೆದು, ಅದನ್ನೇ ಬತ್ತಿ ಮಾಡಿ ಗುಟ್ಟಾಗಿ ಒಂದು ಮೇಣಬತ್ತಿ ಎರೆದೆ. ಹಚ್ಚಿದೆ. ಎಷ್ಟು ಚೆಂದ ಉರಿಯಿತೆಂದರೆ, ಹೊಗೆಯಿಲ್ಲ, ಸಿಡಿಯಲಿಲ್ಲ, ಬಾಗಲಿಲ್ಲ. ನನಗೆ ವಿಪರೀತ ಸಿಟ್ಟು ಬಂತು. ಉಫ್ ಎಂದು ಆರಿಸಿ ಕೈಚೀಲದ ತಳಕ್ಕೆ ತುರುಕಿದೆ. ಅತ್ತೆಯದು ಆರಿಹೋದರೆ ಎಲ್ಲರೂ ಕಣ್ಣು ಮುಚ್ಚಿದ್ದಾಗ ಇದನ್ನು ಇಟ್ಟುಬಿಡುವುದು ಎಂದು ಗಟ್ಟಿಮಾಡಿಕೊಂಡೆ.

ಪೂರ್ಣಿಮೆಯ ದಿನ ನಾವು ವಿಹಾರಕ್ಕೆ ಹೋಗುವಷ್ಟರಲ್ಲಿ ಬಿಸಿಲು ಏರಿತ್ತು, ಕರೆಂಟು ಹೋಗಿತ್ತು. ಮೇಲೆ ತಗಡು. ಬುದ್ಧನ ಮುಖಕ್ಕೆ ಬೆಳಕು ಬೀಳಲೆಂದು ಅಧ್ಯಕ್ಷರು ಮೇಜನ್ನು ಕಿಟಕಿಯ ಪಕ್ಕಕ್ಕೆ ಸರಿಸಿದ್ದರು, ಹಾಗಾಗಿ ಮೇಣಬತ್ತಿ ನಿಲ್ಲಿಸುವ ಸ್ಟೀಲಿನ ತಟ್ಟೆ ಬೆಳಗಿನಿಂದ ಬಿಸಿಲಲ್ಲೇ ಇತ್ತು. ರೊಟ್ಟಿ ಬೇಯಿಸಬಹುದಿತ್ತು ಅದರ ಮೇಲೆ. ನೀಲಿ ಚುಕ್ಕಿಯ ಸೀರೆಯುಟ್ಟ ಅತ್ತೆ ಎಲ್ಲರಿಗಿಂತ ಮುಂದೆ ಹೋಗಿ, ಇದ್ದುದರಲ್ಲಿ ಬಿರುಕು ಕಡಿಮೆಯಿದ್ದ ಮೇಣಬತ್ತಿಯನ್ನು ನಿಲ್ಲಿಸಿ ಹಚ್ಚಿದರು. ಅಧ್ಯಕ್ಷರು ತ್ರಿಸರಣ ಆರಂಭಿಸಿದರು.

ಪಂಚಶೀಲಕ್ಕೆ ಬರುವುದರೊಳಗೆ ಮೇಣಬತ್ತಿ ಸೊಂಟದಲ್ಲಿ ಬಾಗಿತು. ನಾವೆಲ್ಲ ಕೈಮುಗಿದು ಬಗ್ಗುವ ಮೊದಲೇ ಅದು ಬುದ್ಧನ ಕಡೆಗೆ ತಲೆ ಬಗ್ಗಿಸಿ, ನಿಧಾನವಾಗಿ ತಟ್ಟೆಯ ಮೇಲೆ ಅಡ್ಡಬಿತ್ತು. ನಾನು ಕೈಚೀಲಕ್ಕೆ ಕೈ ಹಾಕಿದೆ. ನನ್ನ ಆ ಚೆಂದದ ಮೇಣಬತ್ತಿ ಚೀಲದ ಶಾಖಕ್ಕೆ ಸೊರಗಿ ಬಾಚಣಿಗೆಯನ್ನು ತಬ್ಬಿಕೊಂಡು ಬಳೆಯಾಗಿತ್ತು. ಅತ್ತ ಅಧ್ಯಕ್ಷರು ಪಂಚಶೀಲ ನಿಲ್ಲಿಸದೆಯೇ ಕಣ್ಣಲ್ಲಿ ಸನ್ನೆ ಮಾಡಿ, ಮೇಜಿನ ಕೆಳಗಿದ್ದ ಅಂಗಡಿಯ ಪ್ಯಾಕೆಟ್ಟಿನತ್ತ ಕೈ ಚಾಚಿದರು. ಅತ್ತೆ ಅವರ ಕೈಗೆ ಅಡ್ಡ ಕೈಯಿಟ್ಟರು.

"ಇರ್ಲಿ ಬಿಡ್ರಿ ಸರ್, ಆರಿಲ್ಲಲ್ಲ ಅದು," ಎಂದರು.

ಆರಿರಲಿಲ್ಲ. ಕಾದ ತಟ್ಟೆಯಲ್ಲಿ ಮೇಣ ಕರಗಿ ಎಣ್ಣೆಯಂತೆ ನಿಂತಿತ್ತು. ಅತ್ತೆ ಬೆರಳ ತುದಿಯಿಂದ ಬತ್ತಿಯ ತಲೆಯನ್ನು ತಟ್ಟೆಯ ಅಂಚಿಗೆ ಸರಿಸಿದರು. ಅಷ್ಟು ದಿನ ನೆಟ್ಟಗೆ ನಿಲ್ಲಲಾರದೆ ಸತ್ತ ಬತ್ತಿ ಮಲಗಿಕೊಂಡು ಆರಾಮಾಗಿ ಕುಡಿಯತೊಡಗಿತು, ಉರಿಯತೊಡಗಿತು. ವಂದನೆ ಮುಗಿಯಿತು, ಉರಿಯುತ್ತಿತ್ತು. ಅಧ್ಯಕ್ಷರ ಭಾಷಣ ಮುಗಿಯಿತು, ಆಗಲೂ ಉರಿಯುತ್ತಿತ್ತು. ಅವರ ಭಾಷಣವನ್ನು ಬಲ್ಲವರಿಗೆ ಇದು ಎಂಥ ಮಾತು ಎಂದು ತಿಳಿಯುತ್ತದೆ.

"ಇದು ಯಾವ ನಮೂನಿ ಮೇಣಬತ್ತಿನೋ ತಮ್ಮ?" ಎಂದು ಅಧ್ಯಕ್ಷರು ನನ್ನ ಗಂಡನನ್ನು ಕೇಳಿದರು.

"ಮಲಗೋ ಮಾಡೆಲ್ರಿ ಸರ್, ಹೊಸದು," ಎಂದ ಅವನು, ನಾಚಿಕೆಯಿಲ್ಲದೆ.

"ನೋಡ್ದ್ಯಾ, ಕರೆಂಟ್ ಹೋಗಿ ಫ್ಯಾನ್ ನಿಂತದ, ಅದಕ್ಕ ಉರಿಯಾಕತ್ತಾದ," ಎಂದರು ಅತ್ತೆ ನನಗೆ. ನಾನು ಹೌದ್ರಿ ಎಂದೆ.

ಜನ ಖೀರು ಕುಡಿಯಲು ಹೊರಗೆ ಹೋದರು. ಅತ್ತೆ ಮಾತ್ರ ಮೇಜಿನ ಮುಂದೆ ಕುಳಿತವರು ಏಳಲಿಲ್ಲ. ನಾನು ಬಟ್ಟಲಲ್ಲಿ ಖೀರು ಹಾಕಿಕೊಂಡು ಒಳಗೆ ಬಂದೆ.

"ಏಳ್ರಿ ಅತ್ತಿ, ಎಲ್ಲಾ ಮುಗೀತು. ಖೀರು ಆರಾಕತ್ತಾದ."

ಅವರು ನನ್ನ ಕಡೆ ತಿರುಗಲಿಲ್ಲ.

"ತಡಿಯವ್ವ, ಇನ್ನೊಂದಿಷ್ಟು ನೋಡ್ತೀನಿ. ಜಲ್ಮ ಎಲ್ಲಾ ಹೊಸೆದು ಹೊಸೆದು ಆ ಗೌಡರ ಮೆಟ್ಟಲ ಮ್ಯಾಲ ಇಟ್ಟು ಬಂದೀನಿ. ನನ್ನ ಬತ್ತಿ ಕಡೀ ತನಕ ಉರಿಯೋದು ನಾ ಒಮ್ಮಿನೂ ನೋಡಿಲ್ಲ."

ನಾನು ಖೀರಿನ ಬಟ್ಟಲು ಕೆಳಗಿಟ್ಟು ಅವರ ಪಕ್ಕದಲ್ಲಿ ಕುಳಿತೆ. ಕರೆಂಟು ಬಂತು. ಅತ್ತೆ ಏಳುವ ಮೊದಲೇ ನಾನೆದ್ದು ಫ್ಯಾನು ಆರಿಸಿ ಬಂದೆ.