ಫ್ಯಾನಿಗೆ ಮೆತ್ತಿದ ಹೊಗೆಸೊಪ್ಪು

ಗೇಮ್ ಆಡುವಾಗ ಮಗಳ ಕಂಪ್ಯೂಟರಿನ ಪ್ರೊಸೆಸರ್ ಕಾದು ಕಾದು ಆಫ್ ಆಗುತ್ತಿತ್ತು. ಇವತ್ತು ಬಿಚ್ಚಿ ನೋಡಿದೆ. ಥೂ! ಪಕ್ಕದ ಕೋಣೆಯಲ್ಲಿ ಪೇರಿಸಿದ ಹೊಗೆಸೊಪ್ಪಿನ ದೂಳೆಲ್ಲ ಫ್ಯಾನಿಗೆ ಕಂದು ಜಿಡ್ಡಾಗಿ ಮೆತ್ತಿಕೊಂಡಿತ್ತು. ಆ ಘಾಟಿಗೆ ಎದ್ದು ಕಿಟಕಿ ತೆರೆದೆ.

ಚಿಕ್ಕಂದಿನಲ್ಲಿ ಅವ್ವ ದಿನವಿಡೀ ಕಡ್ಡಿಗೆ ಹಸಿ ಹೊಗೆಸೊಪ್ಪು ಕಟ್ಟುತ್ತಿದ್ದಳು. ಕೈಗೆ ಹತ್ತಿದ ಕಪ್ಪು ಅಂಟು ಎಷ್ಟು ಉಜ್ಜಿದರೂ ಹೋಗದು. ಅಪ್ಪ ಸೊಪ್ಪು ಒಣಗಿಸುವ ಬ್ಯಾರನ್ನಿನ ಒಲೆಗೆ ಸೌದೆ ತುಂಬಿ, ಗಾಜಿನ ಕಿಂಡಿಯಲ್ಲಿ ಥರ್ಮಾಮೀಟರ್ ನೋಡುತ್ತಾ ಕೂತಿರುತ್ತಿದ್ದ. ಅವ್ವ ಅದೇ ಕೈಯಲ್ಲಿ ಮುದ್ದೆ ಮುರಿದು ನನ್ನ ಬಾಯಿಗಿಡುತ್ತಿದ್ದಳು. ವಿಷದಂಥ ಕಹಿ. ಉಗಿಯಲು ಹೋದರೆ, "ನುಂಗ್ಲಾ! ಈ ಸೊಪ್ಪು ಮಾರುದ್ರೇನೇ ಮುದ್ದೆ ಕಣ್ಲಾ" ಎಂದು ಗದರುತ್ತಿದ್ದಳು.

ಜಿಡ್ಡು ಕೆರೆದು, ಪ್ರೊಸೆಸರಿಗೆ ಕಾವು ಎಳೆಯುವ ಹೊಸ ಪೇಸ್ಟ್ ಹಚ್ಚಿ ಮುಚ್ಚಿದೆ. "ಟೆಂಪರೇಚರ್ ಇಳೀತು ಕಣಪ್ಪ!" ಎಂದಳು ಮಗಳು. ಸೋಪು ಹಾಕಿ ಕೈ ತೊಳೆದು ಉಣ್ಣಲು ಕೂತೆ. ಮೊದಲ ತುತ್ತೇ ಕಹಿ. ಗದರಲು ಅವ್ವ ಇರಲಿಲ್ಲ. ಎದ್ದು ಹೋಗಿ ಉಗಿದೆ.